ಬೇಳೆ ಬೇಯುವ ನೀರು

ಕಳೆದ ವಾರ ಟೀ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಂಡಿತು. ಉಗುರಿನಿಂದ ಕೆರೆದರೆ ಸುಣ್ಣದ ಪುಡಿಯಂತೆ ಉದುರಿತು. ಫಿಲ್ಟರ್ ಮಾರಲು ಬಂದಿದ್ದವನು ಅದನ್ನು ನೋಡಿ, "ಗಡಸು ನೀರು ಮೇಡಂ, ಇದನ್ನ ಕುಡೀತಾ ಇದೀರಾ?" ಎಂದು ಎದೆ ಮುಟ್ಟಿಕೊಂಡ. ಅವನ ಗಾಬರಿಗೆ ನನಗೆ ನಗು ಬರಬೇಕಿತ್ತು, ಬರಲಿಲ್ಲ. ನೀರಿನ ವಿಷಯದಲ್ಲಿ ನಾನೂ ಒಮ್ಮೆ ಬೆಚ್ಚಿಬಿದ್ದದ್ದುಂಟು. ಆದರೆ ಆ ನೀರು ಯಾವ ಪಾತ್ರೆಯ ತಳದಲ್ಲೂ ಏನನ್ನೂ ಉಳಿಸುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಇಸವಿ ಕೇಳಬೇಡಿ, ದಿನಚರಿ ಬರೆಯುವ ಚಟವಿದ್ದೂ ಬರೆಯಬೇಕಾದ ದಿನ ಬರೆಯದೆ ಬಿಟ್ಟವಳು ನಾನು. ಆಗ ನಾವು ಶ್ರೀರಂಗಪಟ್ಟಣದ ಕೋಟೆಯೊಳಗೆ ಬಾಡಿಗೆ ಮನೆಯಲ್ಲಿದ್ದೆವು. ಊರ ಎರಡೂ ಪಕ್ಕ ಹೊಳೆ. ಆದರೂ ನಮ್ಮ ಬೀದಿಯ ನಲ್ಲಿಗೆ ಬರುತ್ತಿದ್ದುದು ಬೋರಿನ ನೀರು. ಸೋಪು ಹಚ್ಚಿದರೆ ನೊರೆ ಬಾರದೆ ಒಡೆದ ಹಾಲಿನಂತೆ ಚೂರಾಗುತ್ತಿತ್ತು. ತೊಗರಿಬೇಳೆ ಎಷ್ಟು ಕುದಿಸಿದರೂ ಕಲ್ಲು.

"ಸುತ್ತ ಕಾವೇರವ್ವ ಅರೀತಾವ್ಳೆ, ನಮ್ ನಲ್ಲೀಲಿ ಸುಣ್ಣ ಬತ್ತದೆ" ಎಂದು ಅವ್ವ ದಿನವೂ ಗೊಣಗುತ್ತಿದ್ದಳು. ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೆ. ತಾತ್ಕಾಲಿಕ ಗಡಸುತನ ಬೇರೆ, ಶಾಶ್ವತ ಗಡಸುತನ ಬೇರೆ ಎಂದು ಒಲೆಯ ಮುಂದೆ ಕೂತು ವಿವರಿಸುತ್ತಿದ್ದೆ. "ಮೊದ್ಲು ಬೇಳೆ ಬೇಯ್ಲಿ, ಆಮೇಲ್ ಯೋಳಮ್ಮಿ ನಿನ್ ಶಾಶ್ವತಾನ" ಎನ್ನುತ್ತಿದ್ದಳು ಅವ್ವ. ಅವಳಿಗೆ ನೀರಿಗಿದ್ದದ್ದು ಒಂದೇ ಪರೀಕ್ಷೆ: ಬೇಳೆ ಬೆಂದರೆ ಒಳ್ಳೆಯ ನೀರು, ಬೇಯದಿದ್ದರೆ ಕೆಟ್ಟ ನೀರು. ನಮ್ಮ ಕಡೆ ಬೇರೆ ಯಾರಿಗೂ ಇದಕ್ಕಿಂತ ಹೆಚ್ಚಿನ ಪರೀಕ್ಷೆ ಇದ್ದಂತೆ ನನಗೆ ನೆನಪಿಲ್ಲ.

ಅಣ್ಣನಿಗೆ ಹೆಣ್ಣು ತಂದದ್ದು ನಾಗಮಂಗಲದಿಂದ ಆಚೆಯ ಒಂದು ಹಳ್ಳಿಯಿಂದ. ಅತ್ತಿಗೆಯ ಹೆಸರು ಭಾಗ್ಯ. ಬಂದ ವಾರದಲ್ಲೇ ನಮ್ಮ ಸಾರಿನ ತಳದಲ್ಲಿ ಬೇಯದೆ ಕೂತಿದ್ದ ಬೇಳೆ ನೋಡಿ, "ನಮ್ಮೂರ್ ನೀರಾಗಿದ್ರೆ ಒಂದ್ ಕುದೀಗೆ ಕರಗೋಗದು ಅತ್ತೆಮ್ಮ" ಎಂದುಬಿಟ್ಟಳು. ಅವ್ವ ಪಂಥಕ್ಕೆ ಬಿದ್ದಳು. ಬೀಗರು ಹಾಲಿನ ಕ್ಯಾನಿನಲ್ಲಿ ನೀರು ತುಂಬಿ, ಪಾಂಡವಪುರದ ಮೇಲೆ ಬರುವ ಬಸ್ಸಿನಲ್ಲಿ ಇಟ್ಟು ಕಳಿಸಿದರು. ಬೇಳೆ ನಿಜವಾಗಿಯೂ ಕರಗಿತು. ಅಂದಿನಿಂದ ಆಗಾಗ ಕ್ಯಾನು ಬರತೊಡಗಿತು. ಹೊಳೆಯ ನಡುವಿನ ಊರಿಗೆ ಬಸ್ಸಿನಲ್ಲಿ ನೀರು ತರಿಸುವ ಮನೆ ನಮ್ಮದೊಂದೇ ಇದ್ದೀತು.

ನೀರನ್ನು ಮೆಚ್ಚಿದ ಅವ್ವ ಸೊಸೆಯ ಹಲ್ಲನ್ನು ಮೆಚ್ಚಲಿಲ್ಲ. ಭಾಗ್ಯತ್ತಿಗೆ ಸೆರಗು ಅಡ್ಡ ಹಿಡಿದೇ ನಗುತ್ತಿದ್ದಳು. ಅದನ್ನು ನಾಚಿಕೆ ಎಂದುಕೊಂಡಿದ್ದೆವು. ಸೆರಗು ಜಾರಿದ ಒಂದು ದಿನ ಕಂಡಿತು, ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆಗಳು. "ಒಗೆಸೊಪ್ಪು ಆಕ್ತಾಳೆ ಕಣಮ್ಮಿ" ಎಂದು ಅವ್ವ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ದಿಂಬಿನ ಅಡಿ ತಡಕಿದಳು. ಕೊನೆಗೆ ಕೇಳಿಯೂ ಬಿಟ್ಟಳು.

"ನಾನ್ ಮುಟ್ಟಿದ್ದೋಳಲ್ಲ ಅತ್ತೆಮ್ಮ. ನಮ್ಮೂರಲ್ಲಿ ಎಲ್ರುದೂ ಇಂಗೇಯ."

"ಊರಿಗೂರೇ ಒಗೆಸೊಪ್ಪು ಆಕ್ತದಾ?" ಎಂದಳು ಅವ್ವ. ಅತ್ತಿಗೆ ಸೆರಗನ್ನು ಮತ್ತೆ ಬಾಯಿಗೆ ಎಳೆದುಕೊಂಡಳು.

ಅವಳಿಗೆ ಏಳು ತಿಂಗಳು ತುಂಬಿದಾಗ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಿಟ್ಟು ಬರಲು ನಾನೂ ಅವ್ವನೂ ಜೊತೆ ಹೋದೆವು. ಬಸ್ಸಿಳಿದದ್ದೇ ಊರಿನ ಮಕ್ಕಳು "ಬಾಗ್ಯಕ್ಕ ಬಂದ್ಲು" ಎಂದು ಓಡಿಬಂದು ಸುತ್ತುವರಿದರು. ನಾನು ಅವರ ಮುಖ ನೋಡಿದೆ. ನಗುತ್ತಿದ್ದ ಅಷ್ಟೂ ಬಾಯಿಗಳಲ್ಲಿ ಅವೇ ಕಂದು ಗೆರೆಗಳು. ಕೆಲವರ ಹಲ್ಲು ಗೆದ್ದಲು ತಿಂದಂತೆ ಅಲ್ಲಲ್ಲಿ ಗುಳಿಬಿದ್ದಿತ್ತು. ಹತ್ತು ವರ್ಷವೂ ತುಂಬದ ಮಕ್ಕಳು. ಅವ್ವನ ಕೈ ನನ್ನ ತೋಳನ್ನು ಹಿಡಿಯಿತು. ಆ ಹಿಡಿತ ಮಾತ್ರ ನನಗೆ ಸ್ಪಷ್ಟ ನೆನಪಿದೆ, ಬಳೆ ಚರ್ಮಕ್ಕೆ ಒತ್ತಿತ್ತು. ಅತ್ತಿಗೆಯೋ, ಅಲ್ಲಿ ಸೆರಗಿನ ಗೊಡವೆಯಿಲ್ಲದೆ ಬಾಯಿತುಂಬ ನಗುತ್ತಿದ್ದಳು.

ಬೀಗಿತ್ತಿ ನಮ್ಮನ್ನು ಕೈಕಾಲು ತೊಳೆಯಲು ಬೋರಿಂಗಿನ ಹತ್ತಿರ ಕರೆದೊಯ್ದರು. ಅಡಿಯಿಂದ ಮುಡಿಯವರೆಗೆ ಕೆಂಪು ಬಣ್ಣ ಬಳಿದ ಕೈಪಂಪು. ಅದಕ್ಕೆ ಅರಿಶಿನ, ಕುಂಕುಮ, ಒಂದು ಹೂವಿನ ಮಾಲೆ. ಹೂವು ಯಾವುದೆಂದು ಖಾತ್ರಿಯಿಲ್ಲ. ಚೆಂಡುಹೂವು ಎಂದು ನನ್ನ ನೆನಪು ಆಮೇಲೆ ಸೇರಿಸಿಕೊಂಡಿರಬಹುದು.

"ಇದೇ ನೋಡಿ ನಿಮ್ಗೆ ಕಳ್ಸೋ ನೀರು. ಕೆಂಪಮ್ಮ ಅಂತೀವಿ" ಎಂದರು ಬೀಗಿತ್ತಿ.

"ಬಣ್ಣ ನೀವೇ ಬಳಿದ್ರಾ ಅತ್ತೆ?" ಎಂದೆ.

"ಇಲ್ಲ ಕಣವ್ವ. ಯಾರೋ ಬಂದು ಎಲ್ಡೂ ಬೋರಿಂಗ್ ನೀರ್ನ ಸೀಸೇಲಿ ತುಂಬ್ಕೊಂಡೋದ್ರು. ಆಮೇಕೆ ಇನ್ಯಾರೋ ಬಂದು ಇದ್ಕೆ ಕೆಂಪು ಹಚ್ಚುದ್ರು. ಊರಾಚೆ ಬೋರಿಂಗ್ ನೀರಲ್ಲಿ ಬೇಳೇನೇ ಬೇಯಕಿಲ್ಲ. ಅದ್ಕೆ ಬಣ್ಣಾನೂ ಬಳೀದೆ ವೋದ್ರು."

"ಕೆಂಪು ಯಾಕೆ ಅಂತ ಹೇಳಲಿಲ್ವಾ?"

"ಕುಡೀಬ್ಯಾಡಿ ಅಂದ್ರು ಅಂತ ಯಾವನೋ ಅಂದ. ಎಲ್ಲಾರ ಉಂಟಾ? ಬ್ಯಾಡ್ದೆ ಇರೋದ್ಕೆ ಯಾರಾರ ಕುಂಕುಮ ಇಟ್ಟಾರಾ?"

ಹೆಚ್ಚು ಫ್ಲೋರೈಡ್ ಇರುವ ನೀರು ಎಷ್ಟೋ ಕಡೆ ಮೆದುವಾಗಿರುತ್ತದೆ, ಅದನ್ನು ಕುಡಿದ ಎಳೆಯ ಮಕ್ಕಳ ಹಲ್ಲು ಮೂಡುವಾಗಲೇ ಕಲೆಯಾಗುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಆ ವಾಕ್ಯಕ್ಕೆ ಒಂದು ಊರು, ಇಷ್ಟು ಬಾಯಿಗಳು ಇರಬಹುದೆಂದು ಮಾತ್ರ ಹೊಳೆದಿರಲಿಲ್ಲ. ಜಗಲಿಯಲ್ಲಿ ಕೂತಿದ್ದ ಅತ್ತಿಗೆಯ ಅಪ್ಪ ನಕ್ಕರು. ಅವರ ಹಲ್ಲು ಬೆಳ್ಳಗಿತ್ತು. ಅವರು ಬೆಳೆದದ್ದು ಸೇದುವ ಬಾವಿಯ ನೀರಿನಲ್ಲಿ, ಬೋರಿಂಗ್ ಬರುವ ಮುಂಚೆ.

ನನಗೆ ತಿಳಿದದ್ದನ್ನು ತೊದಲುತ್ತ ಹೇಳಿದೆ. ಅವ್ವ ಪೂರ್ತಿ ಕೇಳಲೂ ಇಲ್ಲ. "ಬಾಗ್ಯನ ಬಾಣಂತನ ನಮ್ಮನೇಲೇ ಆಯ್ತದೆ. ನಡಿಯಮ್ಮಿ, ಬಸ್ ಸಿಕ್ತದೆ" ಎಂದಳು.

ಬೀಗಿತ್ತಿಯ ಮುಖ ಕಪ್ಪಿಟ್ಟಿತು. "ಚೊಚ್ಚಲ ಬಾಣಂತನ ಅತ್ತೆ ಮನೇಲಾ? ತವ್ರೋರು ಸತ್ತೋದ್ರು ಅಂತ ಸಾರ್ಕೊಂಡ್ ಬನ್ನಿ! ಈಗಂಟ ಕ್ಯಾನ್‌ಗಟ್ಲೆ ತರ್ಸ್ಕೊಂಡ್ ಕುಡುದ್ರಲ್ಲ, ಇವತ್ತು ವಿಸ ಆಗೋಯ್ತಾ?"

ಬಸುರಿಗೆ ಒಳ್ಳೆಯದೆಂದು ಆ ನೀರನ್ನು ಒತ್ತಾಯ ಮಾಡಿ ಕುಡಿಸಿದವಳೇ ಅವ್ವ.

ಇಬ್ಬರು ತಾಯಂದಿರ ನಡುವೆ ನಿಂತಿದ್ದ ಅತ್ತಿಗೆ ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದಳು. "ನಾನ್ ಇಲ್ಲೇ ಇರ್ತೀನಿ ಅತ್ತೆಮ್ಮ. ಅವ್ವ, ನಂಗೆ ಆಚೆ ಬೋರಿಂಗ್ ನೀರೇ ಬೇಕು. ನಂಗೂವೆ, ಉಟ್ಟೋ ಕೂಸಿಗೂವೆ" ಎಂದಳು.

"ಬೇಳೆ ಬೇಯಕಿಲ್ವಲ್ಲೇ!"

"ಬೇಯ್ದಿದ್ರೆ ಕಡುದು ತಿಂತೀನಿ. ನನ್ ಕೂಸು ಬಾಯ್ ಮುಚ್ಕೊಂಡ್ ನಗಬಾರ್ದು ಕಣವ್ವ."

ಬೀಗಿತ್ತಿ ಜಗಲಿಯ ಮೇಲೆ ಕುಸಿದು ಕೂತರು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಅಡುಗೆಮನೆಗೆ ಹೋಗಿ, ಬೀಗರ ಮನೆ ಎಂಬುದನ್ನೂ ನೋಡದೆ, ಎರಡು ಬಿಂದಿಗೆ ಎತ್ತಿಕೊಂಡು ಊರಾಚೆಗೆ ನಡೆದಳು. ಬೀಗಿತ್ತಿ ತಡೆಯಲಾರದೆ ಎದ್ದು, "ಅದು ಬಿರುಸು ಕಣಕ್ಕ, ಒಬ್ರ್ ಕೈಲಿ ಆಗಕಿಲ್ಲ" ಎನ್ನುತ್ತ ಹಿಂದೆಯೇ ಹೋದರು. ಒಬ್ಬರು ಒತ್ತಿದರು, ಒಬ್ಬರು ಹಿಡಿದರು.

ಅಣ್ಣನ ಮಗಳು ಅಲ್ಲೇ ಹುಟ್ಟಿದಳು. ಅವಳ ಹಲ್ಲು ಬೆಳ್ಳಗಿದೆ. ಅವಳು ನಕ್ಕಾಗಲೆಲ್ಲ ನನಗೆ ಸಮಾಧಾನವಾಗುತ್ತದೆ, ಆಮೇಲೆ ಬಸ್ಸಿನ ಬಳಿ ಓಡಿಬಂದ ಉಳಿದ ಮಕ್ಕಳು ನೆನಪಾಗುತ್ತಾರೆ. ಅವರಲ್ಲಿ ಒಬ್ಬರ ಹೆಸರನ್ನೂ ನಾನು ಕೇಳಿಕೊಂಡಿರಲಿಲ್ಲ.

ಈಗ ಯಾವ ಊರಿಗೆ ಹೋದರೂ ನೀರಿನ ರುಚಿ ಹೇಗೆ, ಬೇಳೆ ಬೇಯುತ್ತದೆಯೇ ಎಂದು ವಿಚಾರಿಸುವುದಿಲ್ಲ. ಮೊದಲು ಅಲ್ಲಿನ ಮಕ್ಕಳನ್ನು ನಗಿಸುತ್ತೇನೆ. ಮೂತಿ ತಿರುಚುತ್ತೇನೆ, ಕೋತಿಯಂತೆ ಹಲ್ಲು ಕಿರಿಯುತ್ತೇನೆ. ತಮಾಷೆಯ ಹೆಂಗಸು ಎಂದುಕೊಳ್ಳುತ್ತಾರೆ. ಅವರು ಬಾಯಿ ತೆರೆಯುವವರೆಗೆ ನನಗೆ ಉಸಿರಾಡಲಾಗುವುದಿಲ್ಲ.