ಹುಲಗಪ್ಪನವರ ಕಾವಡಿ

ಹುಲಗಪ್ಪನವರ ಬಲಹೆಗಲು ಎಡಹೆಗಲಿಗಿಂತ ಎರಡು ಬೆರಳು ತಗ್ಗು. ಆದರೆ ಅವರ ಕಾವಡಿ ಎಂದೂ ವಾಲಿದ್ದನ್ನು ಯಾರೂ ಕಂಡಿಲ್ಲ. ಯಲಬುರ್ಗಾದ ನಮ್ಮ ಹೈಸ್ಕೂಲಿನ ಜವಾನರು ಅವರು. ದಿನಾ ಬಾವಿಯಿಂದ ಎರಡೆರಡು ಕೊಡ ನೀರು ಹೊತ್ತು ತರುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ನಾನಲ್ಲಿ ಗಣಿತದ ಹೊಸ ಮಾಸ್ತರ. ನನ್ನಪ್ಪನ ವಯಸ್ಸಿನವರನ್ನು ‘ಏ ಹುಲಗಪ್ಪಾ’ ಎಂದು ಕೂಗುತ್ತಿದ್ದೆ. ಈಗ ‘ಅವರು’ ಎಂದು ಬರೆಯುತ್ತಿರುವುದು ತಡವಾಗಿ ಬಂದ ಬುದ್ಧಿ.

ಸಮೀಕರಣಕ್ಕೆ ನನ್ನದು ಒಂದೇ ಮಂತ್ರ: “ಕೂಡೋ ಮೂರು ಆ ಕಡಿ ಹೋದ್ರ ಕಳಿಯೋ ಮೂರು. ಬಾಯಿಪಾಠ ಮಾಡ್ರಿ.” ಒಮ್ಮೆ ಬಾಗಿಲಲ್ಲಿ ಕೊಡ ಇಳಿಸುತ್ತ ಅವರು ಕೇಳಿದರು, “ಯಾಕ ಬದಲಾಗತೈತ್ರಿ ಮಾಸ್ತರ?”

ನನಗೇ ನೆಟ್ಟಗೆ ಗೊತ್ತಿರಲಿಲ್ಲ. “ನಿನ್ನ ಕೆಲಸ ನೀ ನೋಡು” ಎಂದೆ. ಮಕ್ಕಳೆಲ್ಲ ನಕ್ಕರು.

ತಪಾಸಣೆಗೆ ಬಂದ ಸಾಹೇಬರೂ ಅದೇ ಪ್ರಶ್ನೆ ಕೇಳಿದಾಗ ನಾನು ಮಕ್ಕಳ ಕಡೆ ತಿರುಗಿದೆ. ಹತ್ತನೆಯ ತರಗತಿಯ ನೀಲವ್ವ ಎದ್ದು ನಿಂತಳು.

“ಕಾವಡಿ ಸಮ ನಿಂತೈತಿ ಅನ್ರಿ. ಒಂದು ಕೊಡದಾಗ ಎಂಟು ತಂಬಿಗಿ ನೀರು. ಇನ್ನೊಂದರಾಗ ಮೊದಲ ಎಷ್ಟಿತ್ತೋ ಗೊತ್ತಿಲ್ಲ, ಮ್ಯಾಲ ಮೂರು ತಂಬಿಗಿ ಹಾಕೀವಿ. ಎರಡರಾಗಿಂದೂ ಮೂರು ಮೂರು ತಗದ್ರ ಕಾವಡಿ ವಾಲಂಗಿಲ್ರಿ. ಆ ಕಡಿ ಐದು ಉಳೀತು. ಗೊತ್ತಿಲ್ಲದ್ದೂ ಐದ.”

“ಭಾಳ ಛಲೋ. ಯಾರು ಕಲಿಸಿದ್ರು?” ಎಂದರು ಸಾಹೇಬರು.

ನೀಲವ್ವ ಬಾಗಿಲ ಕಡೆ ನೋಡಿದಳು. ಹುಲಗಪ್ಪನವರು ಸಾಹೇಬರಿಗೆ ನೀರಿನ ಲೋಟ ಹಿಡಿದು ನಿಂತಿದ್ದರು. ಅವಳು ಬಾಯಿ ತೆರೆಯುವ ಮೊದಲೇ ನಾನೆಂದೆ, “ನಾನ ರೀ ಸರ.”

ಅವರು ಲೋಟ ಮೇಜಿನ ಮೇಲಿಟ್ಟು ಹೊರಟುಹೋದರು. ದಿನಗಟ್ಟಲೆ ಯೋಚಿಸಿ ತಾವೇ ಉತ್ತರ ಹುಡುಕಿ, ಬಾವಿಕಟ್ಟೆಯಲ್ಲಿ ಮಕ್ಕಳಿಗೆ ತೋರಿಸಿದ್ದರಂತೆ. ಸಾಹೇಬರ ಮೆಚ್ಚುಗೆಯಿಂದ ನಾನು ಬೇಡಿದ ಕೊಪ್ಪಳಕ್ಕೇ ವರ್ಗವಾಯಿತು. ನನಗೆ ನಾಚಿಕೆಯಾಗಿತ್ತು, ಆದರೂ ವರ್ಗ ಬೇಡವೆನ್ನಲಿಲ್ಲ.

ಹೊರಡುವ ದಿನ ನನ್ನ ಟ್ರಂಕನ್ನು ಬಸ್‌ಸ್ಟ್ಯಾಂಡಿಗೆ ತಂದವರೂ ಅವರೇ. ಕಾವಡಿಯ ಒಂದು ಕಡೆ ಟ್ರಂಕು, ಇನ್ನೊಂದು ಕಡೆ ಕಲ್ಲು. “ಒಂದ ಕಡಿ ಭಾರ ಹೊರಾಕ ಬರಂಗಿಲ್ರಿ” ಎಂದರು. ತಪ್ಪಾಯಿತು ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಕೇಳಿದರು, “ಮಾಸ್ತರ, ಎರಡೂ ಕೊಡದಾಗ ಗೊತ್ತಿಲ್ಲದ ನೀರಿದ್ರ ಹೆಂಗ ಮಾಡೂದ್ರಿ?”

ಒಂದು ನಿಮಿಷದ ಉತ್ತರ. “ಮುಂದ ಬಂದಾಗ ಹೇಳ್ತೀನಿ” ಎಂದು ಬಸ್ಸು ಹತ್ತಿದೆ. ಮುಖ ತೋರಿಸಲಾಗದೆ ಮತ್ತೆ ಹೋಗಲೇ ಇಲ್ಲ.

ಕೆಲವು ವರ್ಷಗಳ ಮೇಲೆ ಕುಷ್ಟಗಿಯಲ್ಲಿ ನೀಲವ್ವ ಸಿಕ್ಕಳು. ಅವಳೂ ಶಿಕ್ಷಕಿಯಾಗಿದ್ದಳು. ಹುಲಗಪ್ಪನವರು ತೀರಿಕೊಂಡಿದ್ದರು.

“ಎರಡೂ ಕೊಡದಾಗಿನ ನೀರಿನ ಲೆಕ್ಕ ಕೇಳ್ತಿದ್ರು ರೀ ಸರ” ಎಂದಳು.

“ನೀ ಹೇಳಿಕೊಡಲಿಲ್ಲೇನವ್ವಾ?”

“ಹೇಳಾಕ ಹೋದ್ನಿರಿ. ‘ತಡಿಯವ್ವ, ಮಾಸ್ತರು ಬಂದು ಹೇಳ್ತೀನಿ ಅಂದಾರ’ ಅಂದ್ರು.”