ಅಪ್ಪ ಇಣುಕಿದ ಕಿಂಡಿ

ಮೊನ್ನೆ ಮೊಮ್ಮಗನ ಕರುಳಿನ ಪರೀಕ್ಷೆಗೆಂದು ಭೇದಿಯ ಪುಡಿಯನ್ನು ನೀರಿಗೆ ಕಲಸುತ್ತಿದ್ದೆ. ಅದಕ್ಕೀಗ ನಿಂಬೆಯ ವಾಸನೆ ಸೇರಿಸುತ್ತಾರೆ, ಪುಣ್ಯವಂತರು. ಆದರೂ ನನ್ನ ಮೂಗಿಗೆ ಬಡಿದದ್ದು ಹಿಂದೆ ಭೇದಿಗೆ ಕುಡಿಸುತ್ತಿದ್ದ ಔಡಲೆಣ್ಣೆಯೇ.

ಆಗ ನಾವು ದಾಂಡೇಲಿಯಲ್ಲಿದ್ದೆವು. ನನಗೆ ಒಂಬತ್ತು ವರ್ಷ. ಕಕ್ಕಸಿಗೆ ಹೋದಾಗ ರಕ್ತ ಬೀಳುತ್ತಿತ್ತು. ನಾಚಿಕೆಯಿಂದ ಒಂದು ತಿಂಗಳು ಮುಚ್ಚಿಟ್ಟಿದ್ದೆ. ಆ ವಯಸ್ಸಿನಲ್ಲಿ ಜೀವಕ್ಕಿಂತ ಮಾನ ದೊಡ್ಡದು, ನೋಡಿ. ಹುಬ್ಬಳ್ಳಿಯ ಡಾಕ್ಟರು ದುರ್ಬೀನು ಹಾಕಿ ಕರುಳು ನೋಡಬೇಕೆಂದರು. ಎರಡು ದಿನ ಬರೀ ಗಂಜಿಯ ತಿಳಿ, ಮೇಲೆ ಔಡಲೆಣ್ಣೆ. ನನ್ನ ಜೊತೆ ಅಪ್ಪನೂ ಉಪವಾಸ ಕೂತ.

ಅಪ್ಪ ಪೇಪರ್ ಮಿಲ್ಲಿನ ಬಾಯ್ಲರ್ ವಿಭಾಗದಲ್ಲಿದ್ದ. ಸಣ್ಣ ಕಿಂಡಿಗೆ ಕಣ್ಣಿಟ್ಟು ಒಳಗಿನ ಬೆಂಕಿ ನೋಡುವುದು ಅವನ ದಿನದ ಕೆಲಸ. ಹಾಗಾಗಿ ಡಾಕ್ಟರು, "ನೀವೂ ನೋಡ್ತೀರೇನ್ರಿ?" ಎಂದಾಗ ಹಿಂದೆಮುಂದೆ ನೋಡದೆ ದುರ್ಬೀನಿನ ಕಿಂಡಿಗೆ ಬಗ್ಗಿದನಂತೆ. ಇದು ಅವ್ವ ಆಮೇಲೆ ಹೇಳಿದ್ದು. ಇಂಜೆಕ್ಷನ್ ಕೊಟ್ಟ ಮೇಲೆ ನಾನು ಅಲ್ಲಿರಲಿಲ್ಲ. ನಿದ್ದೆ ಎನ್ನಲಾರೆ, ನಿದ್ದೆಯಲ್ಲಿ ಹೊತ್ತು ಹೋದದ್ದಾದರೂ ತಿಳಿಯುತ್ತದೆ. ಕಣ್ಣು ಮುಚ್ಚುವಾಗ ನೆಲದ ಮೇಲಿದ್ದ ಬಿಸಿಲು, ತೆರೆದಾಗ ಗೋಡೆ ಹತ್ತಿತ್ತು. ನೋವಿರಲಿಲ್ಲ, ಹೊಟ್ಟೆ ಮಾತ್ರ ಉಬ್ಬಿತ್ತು.

"ಒಳಗ ಏನಿತ್ತಪ್ಪಾ?"

"ಏನೂ ಇಲ್ಲವ್ವಾ. ಸಣ್ಣ ಗಂಟಿತ್ತು, ತಗದಾರ. ಈಗ ಎಲ್ಲಾ ಸ್ವಚ್ಛ ಐತಿ."

ಹೇಳುವಾಗ ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದ.

ಮರುವಾರ ಅವನು ಬಾಯ್ಲರ್ ಬಿಟ್ಟು ಬಿದಿರು ಒಟ್ಟುವ ಯಾರ್ಡಿಗೆ ಬದಲಿ ಕೇಳಿಕೊಂಡ. ಯಾಕೆಂದು ಅವ್ವ ಕೇಳಿದರೆ, "ಕಿಂಡಿಗೆ ಕಣ್ಣಿಟ್ರ ಒಳಗ ಉಸರಾಡಿದಂಗ ಆಗತೈತಿ" ಎಂದ. ದೊಡ್ಡವಳಾದ ಮೇಲೆ ಇದನ್ನು ಹೇಳಿ ಎಷ್ಟು ಮಂದಿಯನ್ನು ನಗಿಸಿದ್ದೇನೋ. ಬೆಂಕಿಗೆ ಹೆದರದವನು ಮಗಳ ಕರುಳಿಗೆ ಹೆದರಿದ ಎಂದು.

ಮೊಮ್ಮಗನಿಗೆ ಪುಡಿಯ ನೀರು ಕುಡಿಸಿದ ಮರುದಿನ ಆಸ್ಪತ್ರೆಯಲ್ಲಿ ಕಿಂಡಿ ಇರಲಿಲ್ಲ, ದೊಡ್ಡ ಟಿವಿ ಇತ್ತು. "ಬರ್ರಿ ಅಮ್ಮಾ, ನೋಡ್ರಿ" ಎಂದು ಡಾಕ್ಟರಮ್ಮ ಒಳಗೆ ಕರೆದರು. ಮೊಮ್ಮಗ ಇಂಜೆಕ್ಷನ್ನಿನ ಮಂಪರಿನಲ್ಲಿ ಮಲಗಿದ್ದ. ಟಿವಿಯಲ್ಲಿ ಬೆಳಕು ಮುಂದೆ ಮುಂದೆ ಹೋಗುತ್ತಿತ್ತು. ಒದ್ದೆ ಗುಲಾಬಿ ಗೋಡೆ ತನ್ನಷ್ಟಕ್ಕೆ ಮುಚ್ಚಿತು, ತೆರೆಯಿತು. ಮನೆಯವರಿಲ್ಲದಾಗ ಕದ ತೆಗೆದು ಒಳಹೊಕ್ಕ ಹಾಗಿತ್ತು. ಹುಡುಗನಿಗೆ ಎಚ್ಚರವಿರಲಿಲ್ಲ, ಒಳಗಿನ ಕರುಳಿಗೆ ಎಚ್ಚರವಿತ್ತು. ನಾವು ಬಂದದ್ದು ಅದಕ್ಕೆ ಗೊತ್ತಾಗಿದೆ ಎನ್ನಿಸಿತು. ನಾನು ಅವನ ಕಾಲು ಗಟ್ಟಿಯಾಗಿ ಹಿಡಿದುಕೊಂಡೆ. ಅಪ್ಪನನ್ನು ನೆನೆದು ನಾಚಿಕೆಯಾಯಿತು.

ಕಣ್ಣು ಬಿಟ್ಟ ಕೂಡಲೇ ಹುಡುಗ ಕೇಳಿದ: "ಅಜ್ಜಿ, ಒಳಗ ಏನಿತ್ತು?"

"ಏನೂ ಇಲ್ಲಪ್ಪಾ, ಎಲ್ಲಾ ಸ್ವಚ್ಛ ಐತಿ" ಎಂದೆ, ಕಿಟಕಿಯ ಕಡೆ ನೋಡುತ್ತ.