ದೊಡ್ಡ ಕಣ್ಣಿನ ಬಲೆ ಹುಡುಕಿಕೊಂಡು ಮಾರಿಕಣಿವೆಗೆ

ಹೊಳಲ್ಕೆರೆಯಲ್ಲಿ ಬೆಳಗಿನ ಬಸ್ಸು ಹಿಡಿದು ಚಿತ್ರದುರ್ಗಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹಿರಿಯೂರಿಗೆ ಹೋದೆ. ನಮ್ಮೂರ ಕೆರೆಯಲ್ಲಿ ಮೀನು ಹಿಡಿಯುವವರು ನಾವು ಹನ್ನೆರಡು ಮನೆಯವರು. ಕೆರೆಗೆ ಬಿಟ್ಟ ಮರಿ ಬೆರಳುದ್ದ ಆಗುವುದರೊಳಗೆ ಬಾಚಿ ತಿಂದು, ಬೇಸಿಗೆಯಲ್ಲಿ ಬರಿಗೈಯಲ್ಲಿ ಕೂರುವುದು ನಮ್ಮ ಪದ್ಧತಿ. ಈ ವರ್ಷವೂ ಹಾಗೇ ಆದರೆ ಕೆರೆ ಬೇರೆಯವರ ಗುತ್ತಿಗೆಗೆ ಹೋಗುತ್ತದೆ. ಮಾರಿಕಣಿವೆ ಜಲಾಶಯದ ಮೀನುಗಾರರಿಗೆ ದೊಡ್ಡ ಕಣ್ಣಿನ ಬಲೆ ಹಂಚಿದ್ದಾರಂತೆ, ಮರಿ ತೂರಿ ಹೋಗಿ ಬಲಿತ ಮೀನಷ್ಟೇ ಸಿಗುತ್ತದಂತೆ, ನೋಡಿ ಬಾ ಎಂದು ನನ್ನನ್ನು ಅಟ್ಟಿದ್ದರು.

ಹಿರಿಯೂರಿನಲ್ಲಿ ಮುಂದಿನ ಬಸ್ಸಿಗೆ ಒಂದೂವರೆ ಗಂಟೆ ಕಾದೆ. ಇಡ್ಲಿ ತಣ್ಣಗಿತ್ತು, ಬಿಸಿಲು ತಣ್ಣಗಿರಲಿಲ್ಲ. ಕೊನೆಗೂ ಜಲಾಶಯದ ದಂಡೆಯ ಊರು ತಲುಪಿ ನೋಡಿದರೆ, ನೀರೊಂದನ್ನು ಬಿಟ್ಟು ಎಲ್ಲೆಲ್ಲೂ ದೊಡ್ಡ ಕಣ್ಣಿನ ಬಲೆ. ಒಬ್ಬರ ಹಿತ್ತಲಲ್ಲಿ ಅದರ ಮೇಲೆ ಹಾಗಲ ಬಳ್ಳಿ ಹಬ್ಬಿತ್ತು. ಇನ್ನೊಬ್ಬರು ಕೋಳಿಗೂಡಿಗೆ ಸುತ್ತಿದ್ದರು. ಮತ್ತೊಂದನ್ನು ಲಗೇಜ್ ಆಟೋದ ತೆಂಗಿನಕಾಯಿ ಮೇಲೆ ಬಿಗಿದಿದ್ದರು. ನನಗೆ ತಲೆ ಕೆಟ್ಟುಹೋಯಿತು.

ಆಟೋ ರಂಗಪ್ಪ ಎಂಬುವನದು. ಅವನು ಮೀನೂ ಹಿಡಿಯುತ್ತಾನೆ. ಬಲೆ ಹೇಗಿದೆಯಪ್ಪ ಎಂದೆ.

"ಭಾಳ ಗಟ್ಟಿ ಐತ್ರಿ. ಲೋಡು ಒಂಚೂರೂ ಅಲ್ಲಾಡಲ್ಲ."

"ಮೀನಿಗೆ?"

"ಮೀನಿಗೆ ಹಳೇ ಸಣ್ಣದೇ ಸರಿ. ಲಕ್ಷ್ಮಕ್ಕ ಒಬ್ಬಳೇ ಇದನ್ನ ನೀರಿಗೆ ಹಾಕ್ತಾಳೆ, ಹೋಗಿ ಕೇಳ್ರಿ."

ಲಕ್ಷ್ಮಕ್ಕ ಐವತ್ತು ದಾಟಿದ ಹೆಂಗಸು. ತೆಪ್ಪವನ್ನು ದಡಕ್ಕೆಳೆದು ಬಲೆ ಬಿಡಿಸುತ್ತಿದ್ದರು. ಬುಟ್ಟಿಯಲ್ಲಿ ಎರಡು ಕಾಟ್ಲಾ ಮೀನು, ಒಂದೊಂದೂ ಮೊಳದುದ್ದ. ಬಂದದ್ದೂ ಸಾರ್ಥಕವಾಯಿತು ಎಂದುಕೊಂಡೆ.

"ಎರಡು ದಿನಕ್ಕೆ ಇಷ್ಟೇ ಕಣ್ರಿ," ಎಂದರು. "ನನ್ನ ಬಲೇಲಿ ಮರಿ ತೂರ್ಕಂಡು ಹೋಗ್ತಾವೆ. ಹಿಂದೇನೇ ರಂಗಪ್ಪ ಸಣ್ಣ ಬಲೆ ಹಾಕಿ ಅವನ್ನ ಬಾಚ್ಕಂತಾನೆ. ಇನ್ನ ಬೆಳೆಯೋದು ಯಾವಾಗ?"

"ಮತ್ತೆ ಇದನ್ನೇ ಯಾಕೆ ಹಾಕ್ತೀರಕ್ಕ?"

"ಎಲ್ರೂ ಹಿಂಗೇ ಮಾಡಾಣ ಅಂತ ಸಭೇಲಿ ಕೈ ಎತ್ತಿದ್ವಿ. ನಂದು ಇನ್ನೂ ಇಳಿಸಿಲ್ಲ, ಅಷ್ಟೇ. ಈ ತಿಂಗಳು ನೋಡಿ ನಾನೂ ಹಳೇ ಸಣ್ಣ ಬಲೇನೇ ಹೊರಗೆ ತೆಗೀತೀನಿ. ಹೊಟ್ಟೆ ಕೇಳ್ಬೇಕಲ್ಲ."

ಅಲ್ಲಿಂದಲೇ ವಾಪಸ್ ಬಸ್ಸು ಹಿಡಿದೆ. ರಂಗಪ್ಪನ ಮೇಲೆ ಬಂದ ಸಿಟ್ಟು ಚಿತ್ರದುರ್ಗ ದಾಟಿದರೂ ಇಳಿದಿರಲಿಲ್ಲ. ಬಸ್ಸಿನಲ್ಲಿ ಸೀಟೂ ಸಿಗಲಿಲ್ಲ, ನಿಂತೇ ಬಂದೆ.

ಮರುದಿನ ಕೆರೆ ಏರಿಯ ಮೇಲೆ ಎಲ್ಲರನ್ನೂ ಕೂರಿಸಿ ಹೇಳಿದೆ. ಹೊಸ ಬಲೆ ಕೊಳ್ಳುವುದು ಆಮೇಲೆ, ಮೊದಲು ಹನ್ನೆರಡೂ ಮನೆಯ ಸಣ್ಣ ಬಲೆಗಳು ಇಲ್ಲಿ ಬಂದು ಬೀಳಲಿ. ಸರಿಯಾಗಿದೆ ಎಂದು ಎಲ್ಲರೂ ಒಪ್ಪಿದರು. ನಾನು ಮನೆಗೆ ಹೋಗಿ ನನ್ನದನ್ನು ತಂದು ಹಾಕಿದೆ. ಹದಿನೈದು ದಿನವಾಯಿತು, ಏರಿಯ ಮೇಲೆ ಅದೊಂದೇ ಬಿದ್ದಿದೆ.